ಹಳೆಯ ಆಸಿಲೋಸ್ಕೋಪ್ ಗುಜರಿಗೆ ಹಾಕುವ ಮುನ್ನ ಅಳೆದು ನೋಡಿ

ಮಾನ್ಯರೇ,

ಎಲೆಕ್ಟ್ರಾನಿಕ್ಸ್ ಲ್ಯಾಬ್‌ಗಳಲ್ಲಿ, ವಿದ್ಯುತ್ ಸಿಗ್ನಲ್‌ನ ಅಲೆಯನ್ನು ಪರದೆಯ ಮೇಲೆ ತೋರಿಸುವ ಹಳೆಯ ಆಸಿಲೋಸ್ಕೋಪ್‌ಗಳನ್ನು ಕಂಡಮ್ ಮಾಡಿ ಮೂಲೆಗೆ ತಳ್ಳುವುದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಕಾರಣ ಕೇಳಿದರೆ ‘ರೀಡಿಂಗ್ ಸರಿ ಬರ್ತಿಲ್ಲ’ ಅನ್ನುತ್ತಾರೆ. ಇಂಥ ಉಪಕರಣಗಳನ್ನು ಬಿಚ್ಚಿ ಸರಿಮಾಡುವುದೇ ನನ್ನ ಕೆಲಸವಾಗಿತ್ತು, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಅವುಗಳಲ್ಲಿ ಎಷ್ಟೋ ಸ್ಕೋಪ್‌ಗಳು ಕೆಟ್ಟಿರುವುದೇ ಇಲ್ಲ. ಅಳತೆ ಸ್ವಲ್ಪ ಜಾರಿರುತ್ತದೆ, ಅಷ್ಟೇ.

ಕೆಲವು ಸಲ ಕವರ್ ಬಿಚ್ಚುವ ಅಗತ್ಯವೂ ಬೀಳುವುದಿಲ್ಲ. ವೋಲ್ಟ್ಸ್ ನಾಬ್‌ನ ನಡುವೆ ಇನ್ನೊಂದು ಸಣ್ಣ ನಾಬ್ ಇರುತ್ತದೆ. ಅದು ‘ಕ್ಯಾಲ್’ ಜಾಗದಲ್ಲಿ ಟಕ್ ಎಂದು ಕೂತಿರಬೇಕು. ಅಲ್ಲಿಂದ ಸರಿದಿದ್ದರೆ ಪರದೆಯ ಚೌಕ ಎಣಿಸಿ ವೋಲ್ಟೇಜ್ ಹೇಳುವುದು ಸುಳ್ಳು ಲೆಕ್ಕ. ಟೈಮ್ ನಾಬ್‌ನದೂ ಇದೇ ಕಥೆ. ಹತ್ತು ಪಟ್ಟು ಹಿಗ್ಗಿಸುವ ಸ್ವಿಚ್ಚನ್ನು ಯಾರೋ ಎಳೆದು ಹಾಗೇ ಬಿಟ್ಟಿದ್ದರೆ ಸಮಯ ಹತ್ತು ಪಟ್ಟು ತಪ್ಪಿ ಕಾಣುತ್ತದೆ.

ಆಮೇಲೆ ಪ್ರೋಬ್, ಅಂದರೆ ಸರ್ಕ್ಯೂಟಿಗೆ ಮುಟ್ಟಿಸುವ ಮೊನೆಯಿರುವ ತಂತಿ. ಸಿಗ್ನಲ್ ಅನ್ನು ಹತ್ತರಲ್ಲೊಂದಕ್ಕೆ ಇಳಿಸುವ ‘ಹತ್ತು ಪಟ್ಟಿನ’ ಪ್ರೋಬ್‌ನಲ್ಲಿ 9 ಮೆಗಾಓಮ್, ಸ್ಕೋಪ್‌ನಲ್ಲಿ 1 ಮೆಗಾಓಮ್ ರೆಸಿಸ್ಟೆನ್ಸ್ ಇರುತ್ತದೆ. ಜೊತೆಗೆ ಸ್ಕೋಪ್‌ನ ಇನ್‌ಪುಟ್‌ನಲ್ಲಿ 20 ಪಿಕೋಫ್ಯಾರಡ್ ಆಸುಪಾಸಿನ ಕೆಪಾಸಿಟೆನ್ಸ್ ಇರುತ್ತದೆ, ಅದು ಸ್ಕೋಪ್‌ನಿಂದ ಸ್ಕೋಪ್‌ಗೆ ಬೇರೆ. ಹಾಗಾಗಿ ಒಂದು ಸ್ಕೋಪ್‌ಗೆ ಹೊಂದಿಸಿದ ಪ್ರೋಬ್ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಸ್ಕೋಪ್‌ನ ಮುಂಭಾಗದಲ್ಲಿ ಪರೀಕ್ಷೆಗೆಂದೇ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ) ಕೊಡುವ ಕ್ಯಾಲಿಬ್ರೇಟರ್‌ಗೆ ಪ್ರೋಬ್ ಸಿಕ್ಕಿಸಿ, ಪ್ರೋಬ್‌ನ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರ್) ತಿರುಗಿಸುತ್ತಾ ಅಲೆಯ ಮೂಲೆ ನೋಡಿ. ಮೂಲೆ ಸವೆದ ಹಾಗೆ ದುಂಡಗಿದ್ದರೆ ಹೊಂದಾಣಿಕೆ (ಕಾಂಪೆನ್ಸೇಷನ್) ಕಡಿಮೆಯಾಗಿದೆ. ಮೂಲೆಯಲ್ಲಿ ಕೊಂಬು ಎದ್ದಿದ್ದರೆ ಜಾಸ್ತಿಯಾಗಿದೆ. ಮೇಲಂಚು ಮಟ್ಟಸವಾದರೆ ಆಯಿತು. ಆದರೆ ಈ ಕ್ಯಾಲಿಬ್ರೇಟರ್‌ನ ಪಕ್ಕ 1 ಕಿಲೋಹರ್ಟ್ಸ್ ಎಂದು ಬರೆದಿದೆ ಅಂತ ಅದನ್ನೇ ನಂಬಿ ಟೈಮ್‌ಬೇಸ್ (ಸಮಯದ ಅಳತೆ ಕೊಡುವ ಭಾಗ) ತಿರುಗಿಸಬಾರದು. ಹಲವು ಹಳೆಯ ಮಾಡೆಲ್‌ಗಳಲ್ಲಿ ಅದರ ವೋಲ್ಟೇಜ್ ಮಾತ್ರ ನಿಖರ, ಫ್ರೀಕ್ವೆನ್ಸಿ ಬರೀ ಅಂದಾಜು.

ಇಷ್ಟಾದರೂ ಸರಿಹೋಗದಿದ್ದರೆ ಒಳಗೆ ನೋಡಲೇಬೇಕು. ಇಲ್ಲಿ ನನಗೆ ನಿಜಕ್ಕೂ ಭಯ. ಪಿಕ್ಚರ್ ಟ್ಯೂಬಿನ ಆನೋಡ್‌ನಲ್ಲಿ ಸಾವಿರಾರು ವೋಲ್ಟ್, ಕೆಲವು ಮಾಡೆಲ್‌ಗಳಲ್ಲಿ 10 ಸಾವಿರಕ್ಕೂ ಮೇಲೆ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಆ ಚಾರ್ಜ್ ಉಳಿದಿರುತ್ತದೆ. ಗೊತ್ತಿಲ್ಲದವರು ದಯವಿಟ್ಟು ಕವರ್ ಬಿಚ್ಚಬೇಡಿ. ಗೊತ್ತಿರುವವರೂ ಒಬ್ಬರೇ ಕೂತು ಮಾಡಬೇಡಿ.

ಒಳಗೆ ಸಾಲು ಸಾಲು ಪ್ರಿಸೆಟ್‌ಗಳು, ಅಂದರೆ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್‌ಗಳು ಕಾಣುತ್ತವೆ. ಸುಮ್ನೆ ಒಂದನ್ನು ತಿರುಗಿಸಿ ನೋಡೋಣ ಅನಿಸುತ್ತದೆ. ಅಲ್ಲೇ ಸ್ಕೋಪ್ ಹಾಳಾಗುವುದು. ಅರ್ಧ ಗಂಟೆ ಆನ್ ಮಾಡಿ ಬಿಸಿಯಾಗಲು ಬಿಡಿ. ಸರ್ವಿಸ್ ಮ್ಯಾನುಯಲ್ ತೆರೆದು ಮೊದಲು ಪವರ್ ಸಪ್ಲೈ ಅಳೆಯಿರಿ, ವೋಲ್ಟೇಜ್ ಮತ್ತು ರಿಪಲ್ (ಡಿಸಿಯಲ್ಲಿ ಉಳಿದುಕೊಳ್ಳುವ ಏರಿಳಿತ) ಎರಡನ್ನೂ. ಹಳೆಯ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಣಗಿದ್ದರೆ ರಿಪಲ್ ಹೆಚ್ಚುತ್ತದೆ. ಆಗ ಬೇಕಾದದ್ದು ಹೊಸ ಕೆಪಾಸಿಟರ್, ಪ್ರಿಸೆಟ್ ತಿರುಗಿಸಿದರೆ ಅದು ಗುಣವಾಗುವುದಿಲ್ಲ. ವೋಲ್ಟೇಜ್ ಮ್ಯಾನುಯಲ್ ಹೇಳಿದ ಮಿತಿಯೊಳಗೇ ಇದ್ದರೆ ಮುಟ್ಟಲೇಬೇಡಿ. ಉಳಿದ ಎಲ್ಲ ಅಳತೆಯೂ ಅದರ ಮೇಲೇ ನಿಂತಿದೆ. ಹೈ ವೋಲ್ಟೇಜ್ ಏರಿದರೆ ಎಲೆಕ್ಟ್ರಾನ್‌ಗಳು ವೇಗವಾಗಿ ಹಾಯುತ್ತವೆ, ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಪರದೆಯ ಮೇಲಿನ ಬೆಳಕಿನ ಗೆರೆ, ಅಂದರೆ ಟ್ರೇಸ್, ಎತ್ತರದಲ್ಲೂ ಅಗಲದಲ್ಲೂ ಕುಗ್ಗುತ್ತದೆ. ಆಮೇಲೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ತಿರುಗಿಸುತ್ತಾ ಕೂತರೆ ಮುಗಿಯುವ ಕೆಲಸವೇ ಅಲ್ಲ, ಅಲ್ವಾ? ಸಪ್ಲೈ ಆದ ಮೇಲೆ ಟ್ಯೂಬಿನ ಫೋಕಸ್, ಟ್ರೇಸ್‌ನ ಓರೆ, ಆಮೇಲೆ ವರ್ಟಿಕಲ್ (ಎತ್ತರದ ಅಳತೆ), ಟ್ರಿಗರ್ (ಅಲೆ ಪರದೆಯಲ್ಲಿ ಓಡದೆ ನಿಲ್ಲುವಂತೆ ಮಾಡುವ ಭಾಗ), ಕೊನೆಗೆ ಟೈಮ್‌ಬೇಸ್. ಕ್ರಮ ಮಾಡೆಲ್‌ಗೆ ತಕ್ಕಂತೆ ತುಸು ಬದಲಾಗಬಹುದು, ಸಪ್ಲೈ ಮಾತ್ರ ಮೊದಲು.

ಟೈಮ್‌ಬೇಸ್ ನೋಡಲು ದುಬಾರಿ ಉಪಕರಣ ಬೇಕೆಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಬೇಡ. ಹಳೆಯ ಸ್ಕೋಪ್‌ಗಳು ಸಾಮಾನ್ಯವಾಗಿ ಶೇ 3ರಷ್ಟು ನಿಖರತೆಯ ಮಾತು ಕೊಡುತ್ತವೆ. ಸಾಧಾರಣ ಕ್ರಿಸ್ಟಲ್ ಆಸಿಲೇಟರ್‌ನ ತಪ್ಪು ಶೇ 0.01ರ ಆಸುಪಾಸು. ಅದಕ್ಕೊಂದು ಡಿವೈಡರ್ ಐಸಿ ಸೇರಿಸಿ 1 ಮಿಲಿಸೆಕೆಂಡಿಗೊಂದು ಪಲ್ಸ್ ತೆಗೆಯಿರಿ. ಸ್ಕೋಪ್ ಅನ್ನು ಡಿವಿಷನ್‌ಗೆ (ಪರದೆಯ ಒಂದು ಚೌಕಕ್ಕೆ) 1 ಮಿಲಿಸೆಕೆಂಡ್‌ಗೆ ಇಡಿ. ಗೆರೆಗೊಂದು ಪಲ್ಸ್ ಕಾಣಬೇಕು. ಸ್ವೀಪ್‌ನ (ಟ್ರೇಸ್ ಎಡದಿಂದ ಬಲಕ್ಕೆ ಓಡುವ ಓಟ) ಶುರು ಮತ್ತು ತುದಿ ಅಷ್ಟು ನೇರವಾಗಿರುವುದಿಲ್ಲ, ಆ ಎರಡು ಚೌಕ ಬಿಡಿ. ಎರಡನೇ ಪಲ್ಸನ್ನು ಎರಡನೇ ಗೆರೆಯ ಮೇಲೆ ಕೂರಿಸಿ, ಹತ್ತನೆಯದು ಹತ್ತನೇ ಗೆರೆಗೆ ಬಂತೇ ನೋಡಿ. ನಡುವೆ ಎಂಟು ಚೌಕ. ಅದರ ಶೇ 3 ಅಂದರೆ 0.24 ಚೌಕ. ಚೌಕದೊಳಗಿನ ಒಂದು ಸಣ್ಣ ಗೀಟಿನ ಅಂತರ 0.2 ಚೌಕ. ಅಂದರೆ ಪಲ್ಸ್ ಒಂದು ಗೀಟಿಗಿಂತ ತುಸು ಹೆಚ್ಚು ಸರಿದಿದ್ದರೆ ಮಾತ್ರ ಚಿಂತೆ. ಹೀಗೇ ಎಲ್ಲ ರೇಂಜ್‌ಗಳಲ್ಲೂ ನೋಡಿ ಬರೆದಿಟ್ಟುಕೊಳ್ಳಿ. ಎಲ್ಲದರಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಸ್ವೀಪ್ ಪ್ರಿಸೆಟ್‌ನ ಕೆಲಸ. ಯಾವುದೋ ಒಂದೆರಡು ರೇಂಜ್ ಮಾತ್ರ ತಪ್ಪಿದ್ದರೆ ಅಲ್ಲಿನ ಟೈಮಿಂಗ್ ಕೆಪಾಸಿಟರ್ ಅಥವಾ ರೆಸಿಸ್ಟರ್ ಜಾರಿದೆ. ಆಗ ಪ್ರಿಸೆಟ್ ತಿರುಗಿಸಿದರೆ ಸರಿಯಿದ್ದ ಉಳಿದವೂ ಕೆಡುತ್ತವೆ.

ವರ್ಟಿಕಲ್ ಗೇನ್‌ಗೂ ಹೀಗೇ, ಒಳ್ಳೆಯ ಡಿಜಿಟಲ್ ಮೀಟರ್‌ನಿಂದ ಅಳೆದ ಸ್ಥಿರ ಡಿಸಿ ವೋಲ್ಟೇಜ್ ಸಾಕು. ಹೈ ಫ್ರೀಕ್ವೆನ್ಸಿಯ ಮಾತು ಬೇರೆ. 100 ಮೆಗಾಹರ್ಟ್ಸ್ ಸ್ಕೋಪ್‌ನಲ್ಲಿ, 50 ಕಿಲೋಹರ್ಟ್ಸ್‌ಗೆ ಆರು ಚೌಕ ಎತ್ತರವಿದ್ದ ಅಲೆ 100 ಮೆಗಾಹರ್ಟ್ಸ್‌ಗೆ ಹೋದಾಗ 4.2 ಚೌಕಕ್ಕಿಂತ ಕೆಳಗಿಳಿಯಬಾರದು. ಇದನ್ನು ನೋಡಲು ಔಟ್‌ಪುಟ್ ಒಂದೇ ಮಟ್ಟದಲ್ಲಿ ಉಳಿಯುವ ಜನರೇಟರ್ ಬೇಕು. ಇಲ್ಲದಿದ್ದರೆ ಜನರೇಟರ್‌ನ ತಪ್ಪು ಸ್ಕೋಪ್‌ನ ತಲೆಗೆ ಬರುತ್ತದೆ. ಆ ಉಪಕರಣ ಇಲ್ಲದವರು ಸ್ಕೋಪ್‌ನೊಳಗಿನ ಹೈ ಫ್ರೀಕ್ವೆನ್ಸಿ ಟ್ರಿಮ್ಮರ್‌ಗಳ ಗೊಡವೆಗೆ ಹೋಗಬಾರದು. ಕಲಿಸಲು ಬೇಕಾಗುವ ಆಡಿಯೋ, ಪವರ್ ಸಪ್ಲೈ ಪ್ರಯೋಗಗಳಿಗೆ ಹೈ ಫ್ರೀಕ್ವೆನ್ಸಿಯ ಆ ನಿಖರತೆ ಹೇಗೂ ಬೇಕಿಲ್ಲ.

ಹೊಸ ಡಿಜಿಟಲ್ ಸ್ಕೋಪ್ ತರಬೇಡಿ ಎನ್ನುತ್ತಿಲ್ಲ. ನನ್ನ ಕೋರಿಕೆ ಇಷ್ಟೇ. ಕಂಡಮ್ ಪಟ್ಟಿಗೆ ಸ್ಕೋಪ್ ಸೇರಿಸುವ ಮೊದಲು, ಯಾವ ರೇಂಜ್‌ನಲ್ಲಿ ಎಷ್ಟು ತಪ್ಪಿದೆ ಎಂದು ಅಳೆದು ಬರೆದ ಒಂದು ಹಾಳೆ ಅದರ ಜೊತೆ ಇರಲಿ. ಆ ಹಾಳೆಯನ್ನು ವಿದ್ಯಾರ್ಥಿಗಳ ಕೈಯಲ್ಲೇ ಬರೆಸಿ. ಮುಂಭಾಗದಿಂದ ಮಾಡುವ ಅಳತೆಗೆ ಕವರ್ ಬಿಚ್ಚಬೇಕಾಗಿಲ್ಲ, ಅಪಾಯವೂ ಇಲ್ಲ.

ಇಂತಿ,
ನಿವೃತ್ತ ಉಪಕರಣ ತಂತ್ರಜ್ಞ