ಅಪ್ಪಾಜಿಗೆ ಲೆಕ್ಕದ ಕಾಗದ

ಮ್ಯಾಗ್ಡೆಬರ್ಗ್, ಜರ್ಮನಿ
17-8-2025, ಭಾನುವಾರ

ತೀರ್ಥರೂಪು ಅಪ್ಪಾಜಿಯವರಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರನ್ನೂ ಕೇಳಿದೆ ಅಂತ ಹೇಳಿ.

ಅಪ್ಪಾಜಿ, ಫೋನಲ್ಲಿ ದುಡ್ಡಿನ ವಿಷಯ ಎತ್ತಿದರೆ ಸಾಕು, "ನೀನು ಓದೋ ಕಡೆ ಗಮನ ಕೊಡಮ್ಮ" ಅಂದು ಫೋನು ಅಮ್ಮನ ಕೈಗೆ ದಾಟಿಸಿಬಿಡ್ತೀರಿ. ಅಮ್ಮ ಊಟ ಆಯ್ತಾ, ಏನು ಸಾರು ಅಂತ ಶುರು ಮಾಡ್ತಾಳೆ. ಅದಕ್ಕೇ ಬರೀತಿದ್ದೀನಿ. ಪುಟ್ಟ, ಇದನ್ನ ಪ್ರಿಂಟ್ ತೆಗೆಸಿ ಅಪ್ಪಾಜಿ ಕೈಗೇ ಕೊಡು, ನೀನೇ ಓದಿ ಅರ್ಧಂಬರ್ಧ ಹೇಳಬೇಡ.

ವರಮಹಾಲಕ್ಷ್ಮಿ ಹಬ್ಬದ ಫೋಟೊ ನೋಡಿದೆ. ಅಮ್ಮ, ಸೀರೆ ಉಡಿಸಿದ್ದು ತುಂಬಾ ಚೆನ್ನಾಗಿತ್ತು. ಆದರೆ ಲಕ್ಷ್ಮಿ ಕೊರಳಲ್ಲಿ ಅಜ್ಜಿಯ ಮುತ್ತಿನ ಸರ ಮಾತ್ರ ಇತ್ತು. ಕಾಸಿನ ಸರ ಇಲ್ಲದೆ ನಮ್ಮ ಮನೇಲಿ ಕಳಶ ಕೂರಿಸಿದ್ದನ್ನ ನಾನು ಕಂಡೇ ಇಲ್ಲ. ಸೇವಂತಿಗೆ ಹಾರದ ಕೆಳಗೆ ಇರಬಹುದೇನೋ ಅಂತ ಫೋಟೊ ದೊಡ್ಡದು ಮಾಡಿ ಮಾಡಿ ಹುಡುಕಿದೆ. ಪುಟ್ಟನ್ನ ಗದರಿಸಿದ ಮೇಲೆ ಬಾಯಿಬಿಟ್ಟ, ಸೊಸೈಟೀಲಿ ಅಡ ಇಟ್ಟಿದ್ದೀರಂತೆ. ಅವನನ್ನ ಬೈಬೇಡಿ. "ಗ್ರಾಂಗೆ ಒಂಬತ್ತು ಸಾವಿರ ದಾಟಿದೆ, ಈಗಿಟ್ಟರೆ ಜಾಸ್ತಿ ಕೊಡ್ತಾರೆ" ಅಂತ ಚಿಕ್ಕಪ್ಪ ಹೇಳಿದ್ದಂತೆ. ಜಾಸ್ತಿ ಕೊಟ್ಟರೆ ಬಡ್ಡೀನೂ ಜಾಸ್ತಿ ಅಲ್ವಾ?

ಸೆಪ್ಟೆಂಬರ್‌ಗೆ ನನ್ನ ಬ್ಲಾಕ್ಡ್ ಅಕೌಂಟ್, ಅಂದರೆ ವೀಸಾಗೆ ಅಂತ ವರ್ಷದ ಖರ್ಚು ಮೊದಲೇ ಕಟ್ಟಿಟ್ಟ ಖಾತೆ, ಖಾಲಿ ಆಗುತ್ತೆ, ವೀಸಾ ಮುಂದುವರಿಸೋಕೆ ಮತ್ತೆ ಹನ್ನೆರಡು ಲಕ್ಷ ತೋರಿಸಬೇಕು ಅನ್ನೋದು ತಾನೇ ನಿಮ್ಮ ಚಿಂತೆ? ಹೋದ ವರ್ಷ ಹೊರಡೋವಾಗ 11,904 ಯೂರೋ ಕಟ್ಟಿದ್ವಲ್ಲ, ಅದರಲ್ಲಿ ತಿಂಗಳಿಗೆ 992 ಬಿಡ್ತಾರೆ. ಅಷ್ಟೂ ಖರ್ಚಾಗುತ್ತೆ ಅಂತ ನೀವು ಅಂದುಕೊಂಡಿದ್ದೀರಿ. ಆಗಲ್ಲ. ರೂಮಿಗೆ ಕರೆಂಟು, ಹೀಟರು ಸೇರಿ 310. ಹೆಲ್ತ್ ಇನ್ಶೂರೆನ್ಸ್ 140ರ ಮೇಲೆ, ಅದು ಕಟ್ಟದೆ ಕಾಲೇಜಿಗೆ ಸೇರಿಸಿಕೊಳ್ಳೋದೇ ಇಲ್ಲ. ಆಮೇಲೊಂದು ತಮಾಷೆ ಕೇಳಿ, ಮನೇಲಿ ಟಿವಿ ಇಲ್ಲದಿದ್ದರೂ ಮನೆಗಿಷ್ಟು ಅಂತ ತಿಂಗಳಿಗೆ 18.36 ಯೂರೋ ಟಿವಿ-ರೇಡಿಯೊ ಶುಲ್ಕ ಕಟ್ಟಬೇಕು! ನಾವು ಮೂರು ಜನ ಹುಡುಗೀರು ಹಂಚಿಕೊಳ್ಳೋದರಿಂದ ತಲೆಗೆ 6.12 ಬೀಳುತ್ತೆ. ಸೆಕೆಂಡ್ ಹ್ಯಾಂಡ್ ಸೈಕಲ್ ಇದೆ, ಬಸ್ಸು ಟ್ರಾಮಿನ ಖರ್ಚಿಲ್ಲ. ಕುಡಿಯೋಕೆ ನಲ್ಲಿ ನೀರೇ. ಇವುಗಳ ಜೊತೆ ಊಟ, ಫೋನು, ಸಾಬೂನು ಎಲ್ಲ ಸೇರಿಸಿದರೂ ತಿಂಗಳಿಗೆ ಒಟ್ಟು ಏಳುನೂರು ದಾಟಲ್ಲ.

ಹೊಟ್ಟೆ ಕಟ್ಟಿ ಉಳಿಸ್ತಾನೂ ಇಲ್ಲಮ್ಮ, ಅದನ್ನೇ ಕೇಳ್ತೀಯ ಅಂತ ಗೊತ್ತು. ಬರ್ಲಿನ್‌ಗೆ ಯಾರಾದರೂ ಹೋದರೆ ರಾಗಿ ಹಿಟ್ಟು ತರಿಸ್ತೀವಿ, ವಾರಕ್ಕೊಂದೆರಡು ಸಲ ಮುದ್ದೆ. ಕೋಲು ಇಲ್ಲ, ಮರದ ಸೌಟಿನಲ್ಲೇ ತಿರುವೋದು, ಗಂಟು ಬರಲ್ಲ. ಫೋಟೊದಲ್ಲಿ ತೆಳ್ಳಗೆ ಕಾಣೋದು ಆ ಕರಿ ಜಾಕೆಟ್‌ನಿಂದ.

ಇನ್ನು ನಾನು ಬಾಟಲಿ ಆಯ್ದು ಮಾರ್ತೀನಿ ಅಂತ ಊರಲ್ಲಿ ಹಬ್ಬಿಸಿದ್ದು ಯಾರು ಅಂತ ಕೇಳಲ್ಲ, ಗೊತ್ತಿದೆ. ಇಲ್ಲಿ ನೀರು, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿ ಕೊಳ್ಳೋವಾಗ 25 ಸೆಂಟ್ ಡಿಪಾಸಿಟ್ ಹಿಡ್ಕೊಳ್ತಾರೆ. ಖಾಲಿ ಬಾಟಲೀನ ಅಂಗಡಿ ಮಿಷನ್ನಿನ ಬಾಯಿಗೆ ಇಟ್ಟರೆ ಗಿರ್‍ರನೆ ತಿರುಗಿಸಿ ನೋಡಿ ಒಳಗೆ ಎಳ್ಕೊಳ್ಳುತ್ತೆ. ಮುಗಿದ ಮೇಲೆ ಗುಂಡಿ ಒತ್ತಿದರೆ ಚೀಟಿ ಬರುತ್ತೆ, ಬಿಲ್ಲಿನಲ್ಲಿ ಅಷ್ಟು ಕಳೀತಾರೆ. ಒಂದಕ್ಕೆ ನಮ್ಮ ಇಪ್ಪತ್ತೈದು ರೂಪಾಯಿ! ನಮ್ಮ ಪ್ರೊಫೆಸರ್ರೇ ಶನಿವಾರ ಚೀಲ ಹಿಡಿದು ಕ್ಯೂ ನಿಂತಿರ್ತಾರೆ. ನನ್ನದೇ ಬಾಟಲಿ, ನನ್ನದೇ ದುಡ್ಡು, ಇದರಲ್ಲಿ ಮಾನ ಹೋಗೋದೇನಿದೆ?

ಪಾತ್ರೆ ತೊಳೆಯೋ ಕೆಲಸಕ್ಕೂ ಹೋಗ್ತಿಲ್ಲ. ಹೋದರೂ ತಪ್ಪೇನಿರಲಿಲ್ಲ, ಈ ವರ್ಷ ಗಂಟೆಗೆ 12.82 ಯೂರೋಗಿಂತ ಕಮ್ಮಿ ಕೊಡೋ ಹಾಗಿಲ್ಲ ಅಂತ ಕಾನೂನೇ ಇದೆ. ನಾನು ಏಪ್ರಿಲ್‌ನಿಂದ ಡಿಪಾರ್ಟ್‌ಮೆಂಟ್ ಲ್ಯಾಬಲ್ಲೇ ಸಹಾಯಕಿ, ತಿಂಗಳಿಗೆ ಸುಮಾರು 513 ಯೂರೋ. ನಮ್ಮಂಥ ಹೊರಗಿನ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ತಿ ದಿನದ ಕೆಲಸ ಅಂತ ಮಿತಿ ಇದೆಯಲ್ಲ, ಯೂನಿವರ್ಸಿಟಿ ಒಳಗಿನ ಈ ಕೆಲಸ ಆ ಲೆಕ್ಕಕ್ಕೆ ಬರೋದೇ ಇಲ್ಲ. (ಪುಟ್ಟ, ಈ ಯೂನಿವರ್ಸಿಟಿಗೆ ಆಟೊ ಫಾನ್ ಗೆರಿಕೆ ಹೆಸರಿಟ್ಟಿದ್ದಾರೆ. ಎರಡು ಅರ್ಧಗೋಳದ ಒಳಗಿನ ಗಾಳಿ ತೆಗೆದು, ಆಚೆ ಈಚೆ ಕುದುರೆ ಕಟ್ಟಿ ಎಳೆಸಿದ ಅಂತ ಫಿಸಿಕ್ಸಿನಲ್ಲಿ ಓದಿದ್ವಲ್ಲ, ಅವನೇ. ಈ ಊರಿನ ಮೇಯರ್ ಆಗಿದ್ದನಂತೆ.)

ಈಗ ಲೆಕ್ಕ ನೋಡಿ ಅಪ್ಪಾಜಿ. ವೀಸಾ ಆಫೀಸಿನವರು ಕೆಲಸದ ಕರಾರನ್ನೂ ಪರಿಗಣಿಸ್ತಾರೆ. ತಿಂಗಳಿಗೆ 992 ತೋರಿಸಬೇಕು, 513 ಸಂಬಳ ಕಳೆದರೆ ಉಳಿದಿದ್ದು 479. ಹನ್ನೆರಡು ತಿಂಗಳಿಗೆ 5,748. ನನ್ನ ಹತ್ತಿರ ಮೂರೂವರೆ ಸಾವಿರ ಉಳಿದಿದೆ. ಬ್ಯಾಂಕಿನ ಓದಿನ ಸಾಲದಲ್ಲಿ ನಾವಿನ್ನೂ ಎತ್ತದ ಎರಡೂವರೆ ಲಕ್ಷ ಇದೆ, ಅದು ಹತ್ತಿರ ಹತ್ತಿರ 2,450 ಯೂರೋ. ಸರಿಹೋಯ್ತಲ್ಲ! ಸಾಲದ ದುಡ್ಡು ಕಳಿಸಿದರೆ ಈ ಏಪ್ರಿಲ್‌ನಿಂದ ಟಿಸಿಎಸ್ (ಹೊರದೇಶಕ್ಕೆ ದುಡ್ಡು ಕಳಿಸೋವಾಗ ಬ್ಯಾಂಕಿನವರು ಹಿಡ್ಕೊಳ್ಳೋ ತೆರಿಗೆ) ಕೂಡ ಹಿಡಿಯಲ್ಲ. ಆದ್ದರಿಂದ ಅಡ ಇಟ್ಟು ತಂದ ದುಡ್ಡು ಮುಟ್ಟಬೇಡಿ. ಸೊಸೈಟಿಗೆ ವಾಪಸ್ ಕಟ್ಟಿ, ಇದೇ 26ಕ್ಕೆ ಗೌರಿ ಹಬ್ಬ, ಅಷ್ಟರೊಳಗೆ ಬಿಡಿಸಿಕೊಂಡು ಬನ್ನಿ. ಅಮ್ಮ, "ಹೋಗಲಿ ಬಿಡು, ನಿನಗೇ ತಾನೇ" ಅನ್ನಬೇಡ, ಆ ಮಾತು ಕೇಳಿದರೆ ನನಗೆ ಇಲ್ಲಿ ಅನ್ನ ಸೇರಲ್ಲ.

ಕೊಬ್ಬರಿಗೆ ರೇಟು ಬಂದಿದೆ ಅಂತ ಕೇಳಿ ಖುಷಿಪಟ್ಟೆ, ಆಮೇಲೆ ಅಟ್ಟದಲ್ಲಿ ಕಾಯೇ ಇಲ್ಲ ಅಂತಾನೂ ಪುಟ್ಟ ಹೇಳಿದ. ಅದನ್ನೂ ನೀವು ಹೇಳಿರಲಿಲ್ಲ. ತೋಟಕ್ಕೆ ಗೊಬ್ಬರ ಹಾಕಿಸೋದು ನನ್ನ ದೆಸೆಯಿಂದ ನಿಲ್ಲಿಸಬೇಡಿ. ನಿಜವಾಗಲೂ ನನಗೇನೂ ಕೊರತೆ ಇಲ್ಲ, ಆಣೆ ಬೇಕಾದರೂ ಮಾಡ್ತೀನಿ.

ಬಟ್ಟೆ ಒಗೆಯೋ ಮಿಷನ್ ಖಾಲಿ ಆಯ್ತು ಅಂತ ರೂಮ್‌ಮೇಟ್ ಕೂಗ್ತಿದ್ದಾಳೆ, ಈಗ ಬಿಟ್ಟರೆ ರಾತ್ರೀನೇ. ಅಪ್ಪಾಜಿ, ಬಿಪಿ ಮಾತ್ರೆ ತಪ್ಪಿಸಬೇಡಿ. ಸಾಲದ ಕಂತಿಗೆ ನನ್ನ ಮಾರ್ಕ್ಸ್ ಕಾರ್ಡ್ ಕೇಳ್ತಾರೆ, ಪುಟ್ಟನಿಗೆ ಕಳಿಸಿದ್ದೀನಿ. ಪಾಸ್‌ಬುಕ್ಕು, ಪ್ಯಾನ್ ಕಾರ್ಡಿನ ಜೆರಾಕ್ಸು ಜೊತೆಗಿರಲಿ, ಬ್ಯಾಂಕಿನವರ ಊಟದ ಹೊತ್ತಿಗೆ ಹೋಗಿ ಕಾಯ್ಕೊಂಡು ಕೂರಬೇಡಿ.

ಇಂತಿ ನಿಮ್ಮ ಮಗಳು