ಅಡ ಇಟ್ಟ ಕೋಟು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ, "ಉಪಯೋಗ ಜಾಸ್ತಿ ಇದ್ದರೆ ಬೆಲೆಯೂ ಜಾಸ್ತಿ ಇರಬೇಕು ಅಲ್ವಾ? ಮಾರ್ಕ್ಸ್ ಯಾಕೆ ಎರಡನ್ನೂ ಬೇರೆ ಮಾಡಿದ?" ಅಂತ. ನೀರಿಲ್ಲದೆ ಬದುಕಿಲ್ಲ, ಆದರೂ ಅಗ್ಗ; ವಜ್ರದಿಂದ ಅಷ್ಟು ಉಪಯೋಗವಿಲ್ಲ, ಆದರೂ ದುಬಾರಿ ಅಂತ ನಾನು ಏನೋ ತಡವರಿಸಿದೆ. ಅದು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಹೇಳಿದ್ದು. ಎಲ್ಲರೂ ಹೇಳಿ ಹೇಳಿ ಸವೆದಿದೆ. ಇವತ್ತು ಒಂದು ಕೋಟಿನ ಕತೆ ಕೇಳು.

1852ರ ಫೆಬ್ರವರಿ. ಮಾರ್ಕ್ಸ್ ಲಂಡನ್ನಿನ ಡೀನ್ ಸ್ಟ್ರೀಟಿನಲ್ಲಿ ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿದ್ದ. ಮ್ಯಾಂಚೆಸ್ಟರಿನಲ್ಲಿದ್ದ ಗೆಳೆಯ ಎಂಗೆಲ್ಸ್‌ಗೆ ಕಾಗದ ಬರೆದ: ಕೋಟುಗಳು ಅಡದಲ್ಲಿವೆ, ಹೊರಗೆ ಹೋಗಲಾಗುತ್ತಿಲ್ಲ, ಸಾಲ ಹುಟ್ಟದ್ದರಿಂದ ಮಾಂಸವೂ ಇಲ್ಲ. ಅವನು ಓದಲು ಹೋಗುತ್ತಿದ್ದ ಬ್ರಿಟಿಷ್ ಮ್ಯೂಸಿಯಂ ಅಲ್ಲಿಂದ ನಡೆದು ಹೋಗುವಷ್ಟು ದೂರ. ಆದರೆ ಆ ಚಳಿಯಲ್ಲಿ ಕೋಟಿಲ್ಲದೆ ಹೋಗುವುದು ಹೇಗೆ?

ಮೈಮೇಲಿದ್ದಾಗ ಕೋಟು ಬೆಚ್ಚಗಿಡುತ್ತದೆ. ಅದು ಬಳಕೆ ಮೌಲ್ಯ. ಗಿರವಿ ಅಂಗಡಿಯವನಿಗೆ ಮಾರ್ಕ್ಸನ ಚಳಿ ಕಟ್ಟಿಕೊಂಡು ಏನಾಗಬೇಕು? ಇದನ್ನು ಮಾರಿದರೆ ಎಷ್ಟು ಹುಟ್ಟುತ್ತದೆ ಅನ್ನುವುದಷ್ಟೇ ಅವನ ಲೆಕ್ಕ. ಅದು ವಿನಿಮಯ ಮೌಲ್ಯ. ನಮ್ಮಮ್ಮನ ಬಳೆ ಅಡ ಇಟ್ಟ ದಿನ ನಾನೂ ಜೊತೆಗಿದ್ದೆ. ಒರೆಗೆ ಉಜ್ಜಿದರು, ಕಲ್ಲಿನ ತೂಕ ಕಳೆದರು, ಗ್ರಾಂ ಲೆಕ್ಕ ಹಾಕಿದರು. ಅಮ್ಮ ಮಾತ್ರ ಖಾಲಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

ನನಗೆ ಮಾರ್ಕ್ಸ್ ಅರ್ಥವಾಗಿದ್ದು ಇಲ್ಲೇ. ಎರಡು ಮೌಲ್ಯವೂ ಒಂದೇ ವಸ್ತುವಿನಲ್ಲಿವೆ, ಆದರೆ ಒಂದೇ ಹೊತ್ತಿಗೆ ಒಂದೇ ಕೈಗೆ ದಕ್ಕುವುದಿಲ್ಲ. ಕೋಟು ತೊಟ್ಟರೆ ದುಡ್ಡಿಲ್ಲ, ದುಡ್ಡು ತಂದರೆ ಕೋಟಿಲ್ಲ. ಹಾಗಂತ ನಂಟೇ ಇಲ್ಲ ಅನ್ನಬೇಡ. ಯಾರಿಗೂ ತೊಡಲಾಗದ ಕೋಟನ್ನು ಯಾರೂ ಅಡಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಬಳಕೆ ಇದ್ದ ಮಾತ್ರಕ್ಕೆ ಸರಕಾಗುವುದಿಲ್ಲ. ಹಿತ್ತಲಲ್ಲಿ ಬೆಳೆದು ನೀವೇ ಸಾರು ಮಾಡಿ ಉಂಡ ಬಸಳೆ ಸರಕಲ್ಲ. ಅದನ್ನೇ ಕಟ್ಟು ಕಟ್ಟಿ ಸಂತೆಗೆ ಒಯ್ದರೆ ಸರಕು.

ಹದಿನೈದು ವರ್ಷ ಕಳೆದು, 1867ರಲ್ಲಿ ಮಾರ್ಕ್ಸನ 'ಕ್ಯಾಪಿಟಲ್' ಪುಸ್ತಕದ ಮೊದಲ ಸಂಪುಟ ಬಂತು. ಮೊದಲ ಅಧ್ಯಾಯದಲ್ಲೇ ಕೋಟು ವಾಪಸ್ಸು! 20 ಗಜ ಲಿನನ್ ಬಟ್ಟೆ = 1 ಕೋಟು. ಅಡ ಇಟ್ಟದ್ದು ನೆನಪಾಗಿ ಬರೆದನೋ ಏನೋ, ನಾನಂತೂ ಹಾಗೇ ಓದಿಕೊಳ್ಳುತ್ತೇನೆ. ಇವೆರಡರ ಬಳಕೆ ಬೇರೆ ಬೇರೆ. ಅದಕ್ಕೇ ಅದಲುಬದಲು. ಅಂಥದ್ದೇ ಕೋಟಿಗೆ ಕೋಟು ಯಾರು ಕೊಡುತ್ತಾರೆ? ಹಾಗಾದರೆ ಸಮ ಯಾವುದರಲ್ಲಿ? ಎರಡರ ಹಿಂದೆ ಇರುವ ದುಡಿಮೆಯ ಹೊತ್ತಿನಲ್ಲಿ ಅನ್ನುತ್ತಾನೆ. ಸೋಮಾರಿ ನಿಧಾನಕ್ಕೆ ನೇಯ್ದರೆ ಬಟ್ಟೆಯ ಮೌಲ್ಯ ಏರುವುದಿಲ್ಲ. ಸಮಾಜದಲ್ಲಿ ಸಾಮಾನ್ಯವಾಗಿ ಎಷ್ಟು ಹೊತ್ತು ಬೇಕೋ ಅಷ್ಟೇ ಲೆಕ್ಕಕ್ಕೆ.

ಇಂಗ್ಲೆಂಡಿನ ಕೈಮಗ್ಗದವರಿಗೆ ಆದದ್ದು ಇದೇ. ಯಂತ್ರದ ಮಗ್ಗ ಬಂದು, ಅದೇ ನೂಲನ್ನು ನೇಯಲು ಸುಮಾರು ಅರ್ಧ ದುಡಿಮೆ ಸಾಕಾಯಿತು. ಕೈಮಗ್ಗದವನು ಮೊದಲಿನಷ್ಟೇ ಹೊತ್ತು ಕೂತ, ಮೊದಲಿನಂಥದ್ದೇ ಬಟ್ಟೆ ನೇಯ್ದ. ಆದರೆ ಅವನ ಒಂದು ಗಂಟೆ ಈಗ ಅರ್ಧ ಗಂಟೆಯಾಗಿ ಲೆಕ್ಕಕ್ಕೆ ಬಂತು. ಬಟ್ಟೆ ತೊಟ್ಟವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನೇಯ್ದವನಿಗೆ ಊಟದ ಹೊತ್ತಿಗೆ ಗೊತ್ತಾಯಿತು.

ಮೌಲ್ಯ ಬೇರೆ, ಸಂತೆಯಲ್ಲಿ ಏರಿಳಿಯುವ ಬೆಲೆ ಬೇರೆ. ಆ ಜಗಳ ನೀನು ಬಂದಾಗ ಆಡೋಣ. ಅಂದ ಹಾಗೆ, ಹೋದ ಸಲ ನೀನು ಬಿಟ್ಟುಹೋದ ಸ್ವೆಟರ್ ಇಲ್ಲೇ ಇದೆ. ಚಳಿ ಜಾಸ್ತಿ, ಸುಮ್ನೆ ಯಾಕೆ ಇಡಬೇಕು ಅಂತ ನಾನೇ ಹಾಕಿಕೊಂಡು ಕೂತಿದ್ದೇನೆ.

ನಿನ್ನ ಗೆಳೆಯ