ಬೂದು ಬಣ್ಣ ನೀಲಿಗೆ ತಿರುಗುವುದೇಕೆ?

ಮಾನ್ಯ ಸಂಪಾದಕರೇ,

ತಂಪು ಬೂದು ಬಣ್ಣಕ್ಕೆ ಈಗ ಬೇಡಿಕೆ. ಶೇಡ್ ಕಾರ್ಡಿನಲ್ಲಿ ಚೆಂದ ಕಂಡದ್ದು ಗೋಡೆಗೇರಿದ ಮೇಲೆ ನೀಲಿಯಾಯಿತು ಎಂಬ ದೂರೂ ಅಷ್ಟೇ ಸಾಮಾನ್ಯ. ಬಹುಪಾಲು ತಪ್ಪು ಡಬ್ಬಿಯದಲ್ಲ, ಬೆಳಕಿನದು. ತಂಪು ಬೂದಿನೊಳಗೆ ನೀಲಿ, ಹಸಿರು ಇಲ್ಲವೇ ನೇರಳೆ ಛಾಯೆ ಅಡಗಿರುತ್ತದೆ. ನೇರ ಬಿಸಿಲು ಬೀಳದ ಕೋಣೆಗೆ ಆಕಾಶದ ನೀಲಿ ಬೆಳಕೇ ಹೆಚ್ಚು ಬರುವುದರಿಂದ ಆ ಛಾಯೆ ಮೇಲೆದ್ದು ಕಾಣುತ್ತದೆ. 6500 ಕೆಲ್ವಿನ್, ಅಂದರೆ ನೀಲಿ ಬೆರೆತ ಬಿಳಿ ಬೆಳಕಿನ, ಎಲ್‌ಇಡಿ ಹಾಕಿದರಂತೂ ಮಲಗುವ ಕೋಣೆ ಆಸ್ಪತ್ರೆಯ ವಾರ್ಡೇ! ಹಳದಿ ಬೆರೆತ ಬೆಳಕಿನ 2700ರಿಂದ 3000 ಕೆಲ್ವಿನ್ ಬಲ್ಬು ಆ ನೀಲಿಯನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ.

ಛಾಯೆ ತಿಳಿಯಲು ಶೇಡ್ ಚೀಟಿಯನ್ನು ಅಚ್ಚ ಬಿಳಿ ಕಾಗದದ ಮೇಲಿಡಿ. ಆಮೇಲೆ ಎರಡಡಿ ಚೌಕದ ಹಲಗೆಗೆ ಎರಡು ಕೋಟ್ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಬೇರೆ ಬೇರೆ ಗೋಡೆಗೆ ಆನಿಸಿ ನೋಡಿ. ಹಳೆಯ ಹಳದಿ ಗೋಡೆಯ ಮೇಲೆಯೇ ಅಂಗೈಯಗಲ ಬಳಿದರೆ ಕಣ್ಣು ಮೋಸಹೋಗುತ್ತದೆ. ಹಳದಿಯ ಪಕ್ಕದ ಬೂದು ಇದ್ದದ್ದಕ್ಕಿಂತ ನೀಲಿಯಾಗಿ ತೋರುತ್ತದೆ.

ಹೊಳಪು ಹೆಚ್ಚಿದಷ್ಟೂ ಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಫಿನಿಶ್ ಲೇಸು. ಗೋಡೆ ಸಮಮಾಡಲು ಹಚ್ಚಿದ ಪುಟ್ಟಿಯನ್ನು 220ರ ನಯವಾದ ಉಜ್ಜುಕಾಗದದಿಂದ ಉಜ್ಜಿ, ಟಾರ್ಚನ್ನು ಗೋಡೆಗೆ ಒತ್ತಿಕೊಂಡಂತೆ ಓರೆಯಾಗಿ ಹಿಡಿದು ಪರೀಕ್ಷಿಸಿ. ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಬಿಟ್ಟರೆ ಪುಟ್ಟಿಯ ಜಾಗ ಬಣ್ಣ ಹೀರಿ ಮಂಕು ತೇಪೆಯಾಗುತ್ತದೆ. ಒಂದೇ ಶೇಡಿನ ಡಬ್ಬಿಗಳಲ್ಲೂ ತುಸು ವ್ಯತ್ಯಾಸ ಇರುವುದುಂಟು. ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಯೇ ಶುರುಮಾಡಿ. ಗೋಡೆ ಅರ್ಧವಾಗಿದ್ದಾಗ ಊಟಕ್ಕೇಳಬೇಡಿ. ಅಂಚು ಒಣಗಿದರೆ ರೋಲರ್ ಗೆರೆ ಉಳಿಯುತ್ತದೆ; ಅದನ್ನು ಮುಚ್ಚಲು ಇಡೀ ಗೋಡೆಗೇ ಮತ್ತೊಂದು ಕೋಟ್ ಬೇಕು.

— ಒಬ್ಬ ಓದುಗ